ಗೆದ್ದ ಹಾಯಿಯೇ ಒಳ್ಳೆಯ ಹಾಯಿಯೆ?

ಹಾಯಿದೋಣಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಒಂದೇ. ಎತ್ತರದ ಕೂವೆಮರ, ಅದನ್ನು ಸುತ್ತಲಿಂದ ಬಿಗಿದು ಹಿಡಿದ ಉಕ್ಕಿನ ತಂತಿಗಳು, ಮುಂದೊಂದು ಹಿಂದೊಂದು ಬಿಳಿಯ ತ್ರಿಕೋನ. ಇದು ಬರ್ಮುಡಾ ಹಾಯಿ. ದೊಡ್ಡ ಪಂದ್ಯಗಳಲ್ಲಿ ಓಡುವುದು ಇದು, ಜಾಹೀರಾತಿನಲ್ಲಿ ಕಾಣುವುದು ಇದು, ‘ಆಧುನಿಕ’ ಎನ್ನಿಸಿಕೊಳ್ಳುವುದೂ ಇದೇ. ಇದರ ಪಕ್ಕದಲ್ಲಿ ಚೀನಾದ ಜಂಕ್ ಹಾಯಿಯನ್ನು ಇಟ್ಟರೆ ತೀರ್ಪು ತಡವಿಲ್ಲದೆ ಬೀಳುತ್ತದೆ: ನೋಡಲು ಚೆಂದ, ಆದರೆ ಹಳೆಯ ಕಾಲದ್ದು; ನಿಧಾನ; ಎದುರುಗಾಳಿಗೆ ಏರದು; ವಸ್ತುಸಂಗ್ರಹಾಲಯಕ್ಕೆ ಸರಿ.

ಈ ತೀರ್ಪು ಬುಡದಲ್ಲೇ ತಪ್ಪು. ಇದನ್ನು ಕೊಟ್ಟವರು ಅಳೆದದ್ದು ಪಂದ್ಯದ ಕೋಲಿನಿಂದ. ತಿಂಗಳುಗಟ್ಟಲೆ ದೋಣಿಯಲ್ಲೇ ಬದುಕುತ್ತ ಸಾಗರ ದಾಟುವವರ ಕೋಲು ಬೇರೆ. ಆ ಎರಡನೆಯ ಕೋಲನ್ನು ಹಿಡಿದ ನುರಿತ ನಾವಿಕರು, ಬರ್ಮುಡಾ ಹಾಯಿಯ ಒಳಹೊರಗನ್ನೆಲ್ಲ ಬಲ್ಲವರು, ನೂರಮೂವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಒಬ್ಬೊಬ್ಬರಾಗಿ ಚೀನೀ ಹಾಯಿಯ ಕಡೆಗೆ ಹೊರಳುತ್ತ ಬಂದಿದ್ದಾರೆ. ಅವರ ಅನುಭವವನ್ನು ಹವ್ಯಾಸಿಗಳ ಗೀಳು ಎಂದು ತಳ್ಳಿಹಾಕುವುದು ಸೋಮಾರಿತನ.

ನಮ್ಮ ಬೀದರ ಜಿಲ್ಲೆಯ ಔರಾದದಲ್ಲಿ ಈ ಮಾತು ಎತ್ತಿದರೆ ಬರುವ ಪ್ರಶ್ನೆ ಗೊತ್ತೇ ಇದೆ: “ಏನ್ರೀ ಸರ್, ಬ್ಯಾಸಿಗ್ಯಾಗ ಮಾಂಜ್ರಾ ಹೊಳ್ಯಾಗೇ ನೀರಿರಂಗಿಲ್ಲ, ನೀವು ಸಮುದ್ರದ ಮಾತು ಹಚ್ಚೀರಿ!” ಕರ್ನಾಟಕದ ಬಡಗಣ ತುದಿಯ ತಾಲೂಕಿಗೆ ಕಡಲಿನ ಚಿಂತೆ ಯಾಕೆ ಎಂಬುದೂ ಚಾಲ್ತಿಯಲ್ಲಿರುವ ಇನ್ನೊಂದು ತಪ್ಪು ಅಭಿಪ್ರಾಯ. ಮೊದಲು ಅದಕ್ಕೆ ಉತ್ತರ ಹೇಳುತ್ತೇನೆ.

ಬಹಮನಿಗಳ ಬೀದರಿನ ಬಲ ಹಾಯಿಯ ಮೇಲೆ ಬಂದದ್ದು. ಮಹಮೂದ್ ಗವಾನ್ ಪರ್ಷಿಯಾದಿಂದ ವ್ಯಾಪಾರಿಯಾಗಿ ಹಡಗೇರಿ ಬಂದು ದಾಭೋಳ ಬಂದರಿನಲ್ಲಿ ಇಳಿದವನು. ಮುಂದೆ ಬಹಮನಿಗಳ ಮಂತ್ರಿಯಾಗಿ 1472ರಲ್ಲಿ ಬೀದರಿನ ಮದರಸಾ ಕಟ್ಟಿಸಿದ ಅದೇ ಗವಾನ್ ಅದೇ ಕಾಲಕ್ಕೆ ಗೋವೆಯನ್ನೂ ಗೆದ್ದ. ಬಂದರು ಕೈಯಲ್ಲಿಲ್ಲದೆ ಅರಬೀ ಕುದುರೆ ಇಲ್ಲ, ಕುದುರೆ ಇಲ್ಲದೆ ದಂಡು ಇಲ್ಲ. ರಷ್ಯಾದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಹೋರ್ಮುಜ್‌ನಿಂದ ಚೌಲ್‌ಗೆ ‘ತಾವಾ’ ಎಂಬ ಹಾಯಿಹಡಗಿನಲ್ಲಿ ಒಂದು ಗಂಡುಕುದುರೆಯನ್ನು ತಂದ; ಅದನ್ನು ಮಾರಿದ್ದು ಬೀದರಿನಲ್ಲಿ. ಆಳಂದದ ಜಾತ್ರೆಯಲ್ಲಿ ನಡೆಯುತ್ತಿದ್ದ ಕುದುರೆ ವ್ಯಾಪಾರವನ್ನೂ ಅವನು ಬರೆದಿಟ್ಟಿದ್ದಾನೆ. ಈ ನೆಲದವರು ಕಡಲಿಗೆ ಬೆನ್ನು ಹಾಕಿದ್ದು ತೀರ ಈಚೆಗೆ.

ಈಗಿನ ಮಾತೇ ಬೇಕೆಂದರೆ, ರಾಜ್ಯದ ಮೀನುಗಾರಿಕಾ ವಿದ್ಯೆಯ ಆಡಳಿತ ಕೂತಿರುವುದು ಬೀದರಿನಲ್ಲಿ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಇನ್ನು ನಮ್ಮ ಹುಡುಗರು ಓದಿಗೆಂದೋ ಕೆಲಸಕ್ಕೆಂದೋ ಹೈದರಾಬಾದಿಗೆ ಹೋದಾಗ ಟ್ಯಾಂಕ್‌ಬಂಡ್ ಮೇಲಿನಿಂದ ಹುಸೇನ್ ಸಾಗರದಲ್ಲಿ ಪಂದ್ಯದ ದೋಣಿಗಳನ್ನು ನೋಡುತ್ತಾರೆ. ಔರಾದಿಗೆ ಹತ್ತಿರದ ಹಾಯಿ ಅದು. ಅಲ್ಲಿ ಬಿಳಿಯ ತ್ರಿಕೋನಗಳು ಗೆರೆ ದಾಟಲು ಪೈಪೋಟಿ ನಡೆಸುವುದನ್ನು ಕಂಡವರ ಮನಸ್ಸಿನಲ್ಲಿ ಹಾಯಿ ಎಂದರೆ ಪಂದ್ಯ, ಪಂದ್ಯ ಎಂದರೆ ವೇಗ ಎಂಬುದು ಅಚ್ಚಾಗಿಬಿಡುತ್ತದೆ. ನಾನು ಎದುರಿಸುತ್ತಿರುವುದು ಆ ಅಚ್ಚನ್ನು.

ಜಂಕ್ ಹಾಯಿಯ ರಚನೆ ಹೀಗೆ. ಹಾಯಿಯ ಅಗಲಕ್ಕೂ ಅಡ್ಡವಾಗಿ ಗಳಗಳಿರುತ್ತವೆ. ಹಿಂದೆ ಬಿದಿರು, ಈಗ ಬಹಳ ಕಡೆ ಅಲ್ಯೂಮಿನಿಯಂ ಕೊಳವೆ. ಗಳಗಳ ನಡುವೆ ಹಾಯಿ ಐದಾರು ಅಂಕಣಗಳಾಗಿ ಹಂಚಿಹೋಗುತ್ತದೆ. ಹಾಯಿಯ ಒಂದು ಪಾಲು ಕೂವೆಮರದ ಮುಂದಕ್ಕೂ ಚಾಚಿಕೊಂಡಿರುತ್ತದೆ. ಗಳಗಳ ಹಿಂತುದಿಗೆ ಕಟ್ಟಿದ ಹುರಿಗಳೆಲ್ಲ ಕೂಡಿ ಕೊನೆಗೆ ಒಂದೇ ಹಗ್ಗವಾಗಿ ನಾವಿಕನ ಕೈಗೆ ಬರುತ್ತವೆ. ಕೂವೆಮರವನ್ನು ದೋಣಿಯ ತಳದಲ್ಲೇ ನೆಟ್ಟಿರುತ್ತಾರೆ; ಅದಕ್ಕೆ ತಂತಿಯ ಬಿಗಿತ ಸಾಮಾನ್ಯವಾಗಿ ಇರುವುದೇ ಇಲ್ಲ.

ಈಗ ನಡುರಾತ್ರಿ ಗಾಳಿ ಏಕಾಏಕಿ ಎದ್ದಿತು ಎಂದುಕೊಳ್ಳಿ. ಬರ್ಮುಡಾ ಹಾಯಿಯ ದೋಣಿಯಲ್ಲಿ ಮಲಗಿದ್ದವರು ಎದ್ದು, ಮಳೆಯಂಗಿ ತೊಟ್ಟು, ಸೊಂಟಕ್ಕೆ ಸುರಕ್ಷತೆಯ ಪಟ್ಟಿ ಬಿಗಿದು ಮೇಲೆ ಬರಬೇಕು. ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಬೇಕು. ಹಾಯಿ ದಡದಡನೆ ಬಡಿದುಕೊಳ್ಳುತ್ತಿರುವಾಗಲೇ ಅದನ್ನು ಒಂದಿಷ್ಟು ಇಳಿಸಿ, ಬಿಗಿದು, ಕಟ್ಟಬೇಕು. ಅನುಕೂಲಗಳನ್ನು ಜೋಡಿಸಿಕೊಳ್ಳದ ದೋಣಿಯಾದರೆ ಮುಂದಿನ ಹಾಯಿ ಬದಲಿಸಲು ಅಲೆ ಬಡಿಯುವ ಮುಂತುದಿಗೇ ತೆವಳಿಕೊಂಡು ಹೋಗಬೇಕು. ಒಂಟಿ ನಾವಿಕನು ನೀರಿಗೆ ಬೀಳುವ ಅಪಾಯ ಹೆಚ್ಚಿರುವುದು ಇಂಥ ಹೊತ್ತಿನಲ್ಲೇ. ಬಿದ್ದರೆ ದೋಣಿ ಅವನನ್ನು ಬಿಟ್ಟು ಹೋಗುತ್ತದೆ.

ಜಂಕ್ ಹಾಯಿಯವನು ಒಳಗಿನಿಂದಲೇ ಕೈ ಚಾಚಿ ಎತ್ತುಹಗ್ಗವನ್ನು ಸಡಿಲ ಬಿಡುತ್ತಾನೆ. ಒಂದು ಅಂಕಣ ತನ್ನ ಗಳದ ಭಾರಕ್ಕೇ ಇಳಿದು, ಕೆಳಗೆ ತೊಟ್ಟಿಲಾಗಿ ಕಟ್ಟಿದ ಹಗ್ಗಗಳಲ್ಲಿ ಕೂರುತ್ತದೆ. ಇನ್ನೂ ಗಾಳಿ ಏರಿದರೆ ಇನ್ನೊಂದು ಅಂಕಣ. ಗಾಳಿ ಇಳಿದರೆ ಮತ್ತೆ ಮೇಲಕ್ಕೆ. ಕಟ್ಟುವುದು ಬಿಚ್ಚುವುದು ಯಾವುದೂ ಇಲ್ಲ, ಮೂತಿಯನ್ನು ಗಾಳಿಗೆ ತಿರುಗಿಸುವ ಅಗತ್ಯವೂ ಕಡಿಮೆ. ಹಿಂಗಾಳಿಯಲ್ಲಿ ಹಾಯಿ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹಾರಿದಾಗ ಬರ್ಮುಡಾ ಹಾಯಿಯ ಕೆಳಗಿನ ದೂಲ ತಲೆ ಒಡೆಯಬಲ್ಲದು, ಕೂವೆಮರವನ್ನೇ ಮುರಿಯಬಲ್ಲದು. ಜಂಕ್ ಹಾಯಿಯಲ್ಲಿ ಕೂವೆಮರದ ಮುಂದಿರುವ ಪಾಲು ಹಿಂದಿನ ಪಾಲನ್ನು ತಡೆದು ಆ ಹೊಡೆತವನ್ನು ಮೆತ್ತಗಾಗಿಸುತ್ತದೆ. ಬಟ್ಟೆ ಹರಿದರೆ ಒಂದು ಅಂಕಣದಲ್ಲಿ ಹರಿದೀತು. ಗಳ ಅದನ್ನು ಅಲ್ಲೇ ನಿಲ್ಲಿಸುತ್ತದೆ. ಬಟ್ಟೆಯ ಮೇಲೆ ಎಳೆತ ಕಡಿಮೆ ಇರುವುದರಿಂದ ದುಬಾರಿ ಬಟ್ಟೆಯೇ ಬೇಕೆಂದಿಲ್ಲ, ಮನೆಯ ಹೊಲಿಗೆ ಯಂತ್ರದಲ್ಲೂ ತೇಪೆ ಹಾಕಬಹುದು.

ಇದನ್ನು ಮೊದಲು ಗುರುತಿಸಿದವರು ಕಡಲು ಕಾಣದವರಲ್ಲ. ಮುಂದೆ ಜಗತ್ತನ್ನು ಒಬ್ಬನೇ ಸುತ್ತಿದ ಮೊದಲಿಗನಾದ ಜೋಶುವಾ ಸ್ಲೋಕಂ, ತನ್ನ ಹಡಗು ಬ್ರೆಜಿಲಿನ ತೀರದಲ್ಲಿ ಒಡೆದುಹೋದ ಮೇಲೆ 35 ಅಡಿಯ ದೋಣಿಯೊಂದನ್ನು ತಾನೇ ಕಟ್ಟಿದ. ಬ್ರೆಜಿಲಿನಲ್ಲಿ ಗುಲಾಮಗಿರಿ ಅಳಿದ 1888ರ ಮೇ 13ರಂದೇ ಅದು ನೀರಿಗಿಳಿಯಿತು. ಅದಕ್ಕೇ ಅದರ ಹೆಸರು ‘ಲಿಬೆರ್ದಾದೆ’. ಹೆಂಡತಿ, ಇಬ್ಬರು ಮಕ್ಕಳನ್ನು ಕರೆದುಕೊಂಡು ಅಮೆರಿಕಕ್ಕೆ ಮರಳಬೇಕಿದ್ದ ಆ ಕಪ್ತಾನ ಅದಕ್ಕೆ ಏರಿಸಿದ್ದು ಚೀನೀ ಬಗೆಯ ಹಾಯಿಯನ್ನು. ಹಡಗಿನ ಮೇಲೆಯೇ ಆಯುಷ್ಯ ಕಳೆದವನು, ಪೂರ್ವದ ಬಂದರುಗಳನ್ನು ಚೆನ್ನಾಗಿ ಕಂಡವನು, ತನ್ನ ಮನೆಮಂದಿಯ ಜೀವವನ್ನು ಒಪ್ಪಿಸಿದ ಹಾಯಿ ಅದು. ಅಷ್ಟು ಅನುಕೂಲದ ಹಾಯಿ ಜಗತ್ತಿನಲ್ಲಿ ಇನ್ನೊಂದಿಲ್ಲ ಎಂಬುದು ಅವನ ಅಭಿಪ್ರಾಯವಾಗಿತ್ತು.

ಇದಾದ ಎಪ್ಪತ್ತು ವರ್ಷಗಳ ಮೇಲೆ ಬ್ರಿಟನ್ನಿನ ಹರ್ಬರ್ಟ್ ಹ್ಯಾಸ್ಲರ್ ಅದೇ ಕಡೆಗೆ ಬಂದ. ಈತ ರಾಯಲ್ ಮರೀನ್ಸ್ ಅಧಿಕಾರಿ. 1942ರ ಡಿಸೆಂಬರಿನಲ್ಲಿ ಪುಟ್ಟ ಕನೋ ದೋಣಿಗಳಲ್ಲಿ ನದಿಯೇರಿ ಬೋರ್ದೋ ಬಂದರಿನ ಜರ್ಮನ್ ಹಡಗುಗಳಿಗೆ ಸ್ಫೋಟಕ ಅಂಟಿಸಿ ಬಂದವನು, ಆ ತಂಡದಲ್ಲಿ ಬದುಕಿ ಮರಳಿದ ಇಬ್ಬರಲ್ಲಿ ಒಬ್ಬ. ‘ಜೆಸ್ಟರ್’ ಎಂಬ 25 ಅಡಿಯ ದೋಣಿಯಲ್ಲಿ ಬೇರೆ ಬಗೆಯ ಹಾಯಿಯನ್ನು ಪರೀಕ್ಷಿಸಿ, ಅದು ಒಗ್ಗದೆ, ಚೀನೀ ಹಾಯಿಗೆ ಬಂದ. ದೋಣಿಯ ನಡುವೆ ದುಂಡನೆಯ ಬಾಗಿಲೊಂದನ್ನು ಮಾಡಿ, ಎಲ್ಲ ಹಗ್ಗಗಳನ್ನೂ ಅಲ್ಲಿಗೇ ತಂದ. 1960ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟುವ ಮೊದಲ ಪಂದ್ಯ ನಡೆಯಿತು. ಅದರ ಕಲ್ಪನೆಯೂ ಅವನದೇ. ಐದು ದೋಣಿಗಳು ಹೋದವು. ಫ್ರಾನ್ಸಿಸ್ ಚಿಚೆಸ್ಟರ್ 40 ದಿನಗಳಲ್ಲಿ ನ್ಯೂಯಾರ್ಕ್ ಮುಟ್ಟಿ ಗೆದ್ದ, ಹ್ಯಾಸ್ಲರ್ 48 ದಿನಗಳಲ್ಲಿ ಎರಡನೆಯವನಾಗಿ ಬಂದ.

‘ನಿಧಾನ’ ಎನ್ನುವವರು ಇಲ್ಲಿ ನಿಂತು ಲೆಕ್ಕ ಹಾಕಬೇಕು. ಚಿಚೆಸ್ಟರನ ದೋಣಿ ಸುಮಾರು 40 ಅಡಿ ಉದ್ದ, ಹ್ಯಾಸ್ಲರನದು 25. ಭಾರದ ದೋಣಿಯ ವೇಗಕ್ಕೆ ಮಿತಿ ಹಾಕುವುದು ಮುಖ್ಯವಾಗಿ ನೀರಿನಲ್ಲಿ ಮುಳುಗಿರುವ ಅದರ ಉದ್ದ. ತಾನೇ ಎಬ್ಬಿಸಿದ ಅಲೆಯನ್ನು ಅದು ಹತ್ತಿ ದಾಟಲಾರದು. ನೀರಿನ ಗೆರೆಯಲ್ಲಿ 20 ಅಡಿ ಇರುವ ದೋಣಿಗೆ ಈ ಮಿತಿ ಸುಮಾರು 6 ನಾಟ್, 28 ಅಡಿಯದಕ್ಕೆ 7. ಅಷ್ಟು ಚಿಕ್ಕ ದೋಣಿ ಅಷ್ಟು ದೊಡ್ಡ ದೋಣಿಗಿಂತ ಎಂಟೇ ದಿನ ಹಿಂದೆ ಬಂದಿತು, ಬೇರೆ ಮೂರು ದೋಣಿಗಳಿಗಿಂತ ಮುಂದೆ ಬಂದಿತು. ಇದರಲ್ಲಿ ಹಾಯಿಯ ಸೋಲು ಎಲ್ಲಿದೆ? ದೂರಪಯಣದಲ್ಲಿ ದಿನದ ಸರಾಸರಿಯೇ ಮುಖ್ಯ, ಗಂಟೆಯ ಗರಿಷ್ಠವಲ್ಲ. ರಾತ್ರಿ ಭಯಪಟ್ಟು ಹಾಯಿ ಇಳಿಸಿ ಬೆಳಗಿನವರೆಗೆ ಹಾಗೇ ತೆವಳುವ ದೋಣಿಗಿಂತ, ಗಾಳಿ ಇಳಿದ ಗಳಿಗೆಯಲ್ಲೇ ಒಂದು ಅಂಕಣ ಮೇಲೆತ್ತುವ ದೋಣಿ ಮುಂದೆ ಹೋಗುತ್ತದೆ.

ಜೆಸ್ಟರ್ ದೋಣಿಯನ್ನು 1964ರಲ್ಲಿ ಹ್ಯಾಸ್ಲರನಿಂದ ಕೊಂಡವರು ಮೈಕೇಲ್ ರಿಚಿ. ಬ್ರಿಟನ್ನಿನ ನೌಕಾಯಾನ ವಿಜ್ಞಾನದ ರಾಯಲ್ ಸಂಸ್ಥೆಯನ್ನು ದಶಕಗಳ ಕಾಲ ನಡೆಸಿದ ವಿದ್ವಾಂಸ ಈತ. ಯಾವ ಹಾಯಿಯನ್ನು ಬೇಕಾದರೂ ಆರಿಸಿಕೊಳ್ಳಬಹುದಾಗಿದ್ದ ಮನುಷ್ಯ 1988ರಲ್ಲಿ ಕಡಲು ಅದನ್ನು ನುಂಗುವವರೆಗೂ ಅದೇ ಹಾಯಿಯ ಅದೇ ದೋಣಿಯಲ್ಲಿ ಮತ್ತೆ ಮತ್ತೆ ಅಟ್ಲಾಂಟಿಕ್ಕಿಗೆ ಹೋದರು. ಅದೇ ವರ್ಷ ಹ್ಯಾಸ್ಲರ್ ಮತ್ತು ಮ್ಯಾಕ್ಲಾಯ್ಡ್ ಕೂಡಿ ಬರೆದ ಜಂಕ್ ಹಾಯಿಯ ಕೈಪಿಡಿ ಪ್ರಕಟವಾಯಿತು. ಆ ಹೊತ್ತಿಗೆ ಹ್ಯಾಸ್ಲರ್ ತೀರಿಕೊಂಡಿದ್ದ. ಪೀಟ್ ಮತ್ತು ಆ್ಯನಿ ಹಿಲ್ ದಂಪತಿ 34 ಅಡಿಯ ‘ಬ್ಯಾಜರ್’ ಅನ್ನು ತಾವೇ ಕಟ್ಟಿ, ಜಂಕ್ ಹಾಯಿ ಏರಿಸಿ, ತೀರ ಕಡಿಮೆ ಆದಾಯದಲ್ಲಿ ವರ್ಷಗಟ್ಟಲೆ ಸಾಗರಗಳಲ್ಲಿ ಬದುಕಿದರು. 1993ರ ಆ್ಯನಿಯವರ ಪುಸ್ತಕ ಆ ಬದುಕಿನ ಲೆಕ್ಕಾಚಾರವೇ. ರೋಜರ್ ಟೇಲರ್ 21 ಅಡಿಯ ‘ಮಿಂಗ್‌ಮಿಂಗ್’ನಲ್ಲಿ ಆರ್ಕ್ಟಿಕ್ ಕಡಲುಗಳಿಗೆ ಒಬ್ಬರೇ ಹೋಗಿಬಂದರು. ಇವರಲ್ಲಿ ಯಾರೂ ಹೊಸಬರಲ್ಲ. ಹೊಸಬರು ಅಂಗಡಿಯವನು ತೋರಿಸಿದ್ದನ್ನು ಕೊಳ್ಳುತ್ತಾರೆ. ನುರಿತವರಿಗೆ ತಮ್ಮ ಕೈ ಎಲ್ಲಿ ನೊಂದಿದೆ ಎಂಬುದು ಗೊತ್ತಿರುತ್ತದೆ.

ಎದುರುಗಾಳಿಯ ಆಕ್ಷೇಪಕ್ಕೆ ಅರ್ಧ ಸತ್ಯವಿದೆ. ಹ್ಯಾಸ್ಲರ್ ಹೊಲಿಸಿದ ಹಾಯಿಗಳು ಚಪ್ಪಟೆಯಾಗಿದ್ದವು. ಉಬ್ಬಿಲ್ಲದ ಹಾಯಿ ಎದುರುಗಾಳಿಯ ಕೋನದಲ್ಲಿ ದುರ್ಬಲ, ಇದು ನಿಜ. ಆದರೆ ಅಲ್ಲಿಂದೀಚೆಗೆ ಹವ್ಯಾಸಿ ಕುಶಲಿಗಳು ಪ್ರತಿ ಅಂಕಣಕ್ಕೂ ಬೇರೆಬೇರೆಯಾಗಿ ಉಬ್ಬು ಕೊಟ್ಟು ಹೊಲಿಯುವುದನ್ನು ಕಂಡುಕೊಂಡು ಈ ಕೊರತೆಯ ಬಹುಪಾಲನ್ನು ನೀಗಿಸಿದ್ದಾರೆ. ಬರ್ಮುಡಾ ಹಾಯಿಯನ್ನು ತಿದ್ದಲು ನೂರು ವರ್ಷ, ಕಾರ್ಖಾನೆ, ಗಾಳಿಸುರಂಗ, ಪಂದ್ಯದ ಹಣ ಎಲ್ಲವೂ ದುಡಿದವು. ಇಷ್ಟಾಗಿಯೂ ಪಂದ್ಯದ ದೋಣಿಗಳೊಡನೆ ಗಾಳಿಗೆ ಎದುರಾಗಿ ಸೆಣಸಿದರೆ ಜಂಕ್ ಹಿಂದೆ ಬೀಳುತ್ತದೆ ಎಂದು ಒಪ್ಪುತ್ತೇನೆ. ಅದಕ್ಕೆ ನನ್ನ ಉತ್ತರ ಇಷ್ಟೆ: ಲೋಕ ಸುತ್ತುವವರು ಎದುರುಗಾಳಿಯನ್ನು ಹುಡುಕಿಕೊಂಡು ಹೋಗುವುದಿಲ್ಲ, ವಾಣಿಜ್ಯಮಾರುತದ ದಾರಿ ನೋಡಿ ಹೊರಡುತ್ತಾರೆ.

ಇನ್ನೊಂದು ಪ್ರಾಮಾಣಿಕ ಮಾತು. ಜಂಕ್ ಹಾಯಿ ಬಿರುಗಾಳಿಯಿಂದ ರಕ್ಷಿಸುವ ತಾಯಿತವಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿ ನಡೆಸಿದ್ದ ಬಿಲ್ ಕಿಂಗ್ 1968ರಲ್ಲಿ ಒಂಟಿಯಾಗಿ ಲೋಕ ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯಕ್ಕೆ ‘ಗಾಲ್ವೇ ಬ್ಲೇಜರ್’ನಲ್ಲಿ ಜಂಕ್ ಹಾಯಿಯೊಂದಿಗೇ ಹೋದ, ದಕ್ಷಿಣ ಅಟ್ಲಾಂಟಿಕ್ಕಿನಲ್ಲಿ ಅಲೆ ದೋಣಿಯನ್ನು ಮಗುಚಿತು, ಕೂವೆಮರ ಕೆಟ್ಟಿತು, ಪಂದ್ಯ ಮುಗಿಯಿತು. ಆದರೂ ಅವನು ಅದೇ ದೋಣಿಯಲ್ಲಿ ಮತ್ತೆ ಹೊರಟು 1973ರಲ್ಲಿ ಪ್ರದಕ್ಷಿಣೆ ಮುಗಿಸಿದ. ಅತ್ತ, ಅದೇ ಹೆಸರಿನ ಪಂದ್ಯ 2018ರಲ್ಲಿ ಮರಳಿ ನಡೆದಾಗ ತಂತಿ ಬಿಗಿದ ಕೂವೆಮರಗಳ ಐದು ದೋಣಿಗಳು ತಮ್ಮ ಮರಗಳನ್ನು ಕಳೆದುಕೊಂಡವು. ಅವುಗಳಲ್ಲಿ ಒಂದು ಆಗ ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿ ಅವರ ‘ತುರೀಯ’. ಆ ಧೀರ ಬೆನ್ನುಮೂಳೆಗೆ ಪೆಟ್ಟಾಗಿ ಹಿಂದೂ ಮಹಾಸಾಗರದ ನಡುವೆ ಕದಲಲಾಗದೆ ಬಿದ್ದಿದ್ದರು. ಆ ಅಲೆಗಳ ಮುಂದೆ ಯಾವ ಹಾಯಿಯೂ ಮೇಲಲ್ಲ. ಹಾಗಿರುವಾಗ ‘ದೊಡ್ಡ ಕಡಲಿಗೆ ಬರ್ಮುಡಾ ಹಾಯಿಯೇ ಭದ್ರ’ ಎಂಬ ಮಾತಿಗೆ ಆಧಾರವೇನು?

ಇಷ್ಟು ಒಳ್ಳೆಯದಾದರೆ ಎಲ್ಲರೂ ಯಾಕೆ ಬಳಸುವುದಿಲ್ಲ ಎಂದು ಕೇಳುವವರಿದ್ದಾರೆ. ಕಾರ್ಖಾನೆಯಲ್ಲಿ ಸಾಲಾಗಿ ತಯಾರಾಗುವ ದೋಣಿಯ ವಿನ್ಯಾಸ ಪಂದ್ಯದ ನಿಯಮಗಳ ನೆರಳಿನಲ್ಲಿ ಬೆಳೆದದ್ದು. ಹಾಯಿ ಹೊಲಿಯುವವರು, ಹಗ್ಗ ಎಳೆಯುವ ರಾಟೆ ಮಾಡುವವರು, ತಂತಿ ಹೊಸೆಯುವವರು ಎಲ್ಲರ ಜೀವನ ಆ ಒಂದು ಮಾದರಿಯ ಸುತ್ತ ಕಟ್ಟಿದೆ. ಹಳೆಯದಾದಾಗ ಮಾರುವುದೂ ಸುಲಭ. ಮನೆಯಲ್ಲೇ ಹೊಲಿದು ತೇಪೆ ಹಾಕಬಹುದಾದ ಹಾಯಿಯಿಂದ ಅಂಗಡಿಗೆ ಏನು ಬರುತ್ತದೆ? ಪೇಟೆಯಲ್ಲಿ ಹಬ್ಬಿದ್ದೇ ಗುಣಕ್ಕೆ ಸಾಕ್ಷಿ ಎನ್ನುವುದು ವಾದವಲ್ಲ.

ಔರಾದ, ಭಾಲ್ಕಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದು ದೇವಣಿ ದನದ ಸೀಮೆ. ಉಳುವ ಎತ್ತು, ಮನೆಗಾಗುವಷ್ಟು ಹಾಲು, ಬಿಸಿಲು ತಡೆಯುವ ಮೈ, ಕಣಿಕೆ ತಿಂದು ನಿಲ್ಲುವ ಶಕ್ತಿ, ಎಲ್ಲವೂ ಒಂದೇ ತಳಿಯಲ್ಲಿ. ಲೀಟರಿನ ಒಂದೇ ಕೋಲು ಹಿಡಿದು ಬಂದವರು ಜರ್ಸಿ, ಎಚ್ಚೆಫ್ ಮಿಶ್ರತಳಿಯನ್ನು ಮುಂದಿಟ್ಟು ದೇವಣಿಯನ್ನು ‘ಕಡಿಮೆ ಹಾಲಿನದು’ ಎಂದು ಬರೆದರು. ಆ ಒಂದು ಸಾಲಿನಲ್ಲಿ ಸುಳ್ಳಿರಲಿಲ್ಲ, ಆದರೆ ಉಳಿದ ಸಾಲುಗಳೆಲ್ಲ ಖಾಲಿ ಇದ್ದವು. ಇಂದು ಭಾಲ್ಕಿ ತಾಲೂಕಿನ ಕಟ್ಟಿತೂಗಾಂವ್‌ನಲ್ಲಿ ಅದೇ ತಳಿಯನ್ನು ಕಾಪಾಡಲು ವಿಶ್ವವಿದ್ಯಾಲಯವೇ ಕೇಂದ್ರ ನಡೆಸಬೇಕಾಗಿದೆ. ದನದ ಸಂತೆಯಲ್ಲಿ ಹಳೆಯ ರೈತರು ಎತ್ತಿನ ಗೊರಸು, ಹೆಗಲು, ನಡಿಗೆ ನೋಡಿ ಬೆಲೆ ಕಟ್ಟುತ್ತಾರೆ. ಸ್ಲೋಕಂ, ಹ್ಯಾಸ್ಲರ್, ರಿಚಿ ಹಾಯಿಗೆ ಬೆಲೆ ಕಟ್ಟಿದ್ದೂ ಹಾಗೆಯೇ.

ನನಗೆ ನಿಜವಾಗಿ ಸಂಕಟವಾಗುವುದು ಬೇರೆಯ ಕಾರಣಕ್ಕೆ. ಈ ಹಾಯಿ ನಮ್ಮ ಪಾಲಿಗೆ ದೂರದ್ದಾಗಿರಲಿಲ್ಲ. 1340ರ ದಶಕದಲ್ಲಿ ಪ್ರವಾಸಿ ಇಬ್ನ್ ಬತೂತಾ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಹಾದು ತೆಂಕಣಕ್ಕೆ ಹೋದ. ಚೀನಾದ ಹಡಗುಗಳು ಏಳಿಮಲೆ, ಕೊಲ್ಲಂ, ಕಲ್ಲಿಕೋಟೆಗೆ ಬರುತ್ತವೆ ಎಂದು ಬರೆದ. ಬಿದಿರಿನ ಸೀಳುಗಳಿಂದ ಚಾಪೆಯಾಗಿ ನೇಯ್ದ ಅವುಗಳ ಹಾಯಿಗಳನ್ನು ಕಣ್ಣಾರೆ ಕಂಡು ವರ್ಣಿಸಿದ. ಏಳಿಮಲೆ ಇರುವುದು ಕಾಸರಗೋಡಿನ ಕನ್ನಡ ಸೀಮೆ ಮುಗಿದ ಸ್ವಲ್ಪ ದೂರಕ್ಕೆ. ಇಂದು ಅದೇ ಗುಡ್ಡದ ಬುಡದಲ್ಲಿ ಭಾರತೀಯ ನೌಕಾ ಅಕಾಡೆಮಿ ಇದೆ. ಮುಂದೆ ಚೀನೀ ನೌಕಾಧಿಪತಿ ಝೆಂಗ್ ಹೆಯ ಹಡಗುಗಳೂ ಇದೇ ಕರಾವಳಿಗೆ ಬಂದವು. ನಮ್ಮವರ ಮಂಜಿ, ಮಚ್ವೆ, ಪತ್ತೆಮಾರಿಗಳು ಬೇರೆ ಬಗೆಯ ಹಾಯಿ ಹಿಡಿದು ಅರಬ್ಬೀ ಕಡಲಲ್ಲಿ ಓಡಾಡಿದವು. ಏಷ್ಯಾದ ನೀರಿನಲ್ಲಿ ಅಷ್ಟು ಶತಮಾನ ದುಡಿದ ಒಂದು ವಿದ್ಯೆಯನ್ನು ‘ಹಿಂದುಳಿದದ್ದು’ ಎಂದು ಯುರೋಪಿನ ಪಂದ್ಯದ ಕ್ಲಬ್ಬುಗಳು ಕರೆದದ್ದನ್ನು ನಾವು ಪರೀಕ್ಷೆಯಿಲ್ಲದೆ ಒಪ್ಪಿದೆವು. ಅದು ತಪ್ಪೆಂದು ತೋರಿಸುವ ಕೆಲಸವನ್ನೂ ಬ್ರಿಟನ್ನಿನ ನಾವಿಕರಿಗೇ ಬಿಟ್ಟೆವು.

ಈಗ ಹಳೆಯದರ ಬಗ್ಗೆ ಅಭಿಮಾನ ಮರಳಿದೆ, ಅದು ಸಂತೋಷವೇ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ನೌಕಾಪಡೆಗೆ ಸೇರಿತು. ಅಜಂತಾದ ಚಿತ್ರವೊಂದನ್ನು ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ಹಡಗು. ಆ ವರ್ಷದ ಕೊನೆಗೆ ಪೋರಬಂದರಿನಿಂದ ಹೊರಟ ಅದು ಮುಂದೆ ಮಸ್ಕತ್ ಮುಟ್ಟಿತು. ಆದರೆ ಸುದ್ದಿಯಲ್ಲಿ ಎಲ್ಲರೂ ಬಳಸಿದ ಪದ ‘ಪರಂಪರೆ’. ಹಳೆಯ ವಿದ್ಯೆಗೆ ನಮ್ಮಲ್ಲಿ ಎರಡೇ ಜಾಗ: ಕಸದ ಗುಂಡಿ, ಇಲ್ಲವೇ ಗಾಜಿನ ಪೆಟ್ಟಿಗೆ. ಅದನ್ನು ಇವತ್ತಿನ ಉಪಕರಣವೆಂದು ಕೈಗೆತ್ತಿಕೊಂಡು, ಬಿದಿರಿನ ಬದಲು ಅಲ್ಯೂಮಿನಿಯಂ ಹಾಕಿ, ಉಬ್ಬು ಕೊಟ್ಟು ಹೊಲಿದು, ಕಡಲಿಗೆ ಇಳಿಸಿ ನೋಡುವ ಮೂರನೆಯ ಜಾಗವನ್ನು ನಾವು ಮಾಡಿಕೊಂಡಿಲ್ಲ.

ಮಾಡಿಕೊಳ್ಳಲು ದೊಡ್ಡ ಯೋಜನೆ ಬೇಡ. ಮಂಗಳೂರಿನ ಮೀನುಗಾರಿಕಾ ಕಾಲೇಜು ಒಂದೇ ಅಚ್ಚಿನ ಎರಡು ಪುಟ್ಟ ದೋಣಿಗಳನ್ನು ತೆಗೆದುಕೊಳ್ಳಲಿ. ಒಂದಕ್ಕೆ ಬರ್ಮುಡಾ ಹಾಯಿ, ಇನ್ನೊಂದಕ್ಕೆ ಜಂಕ್. ಮಳೆಗಾಲ ಕಳೆದ ಮೇಲೆ ಅಕ್ಟೋಬರಿನಿಂದ ಮೇವರೆಗೆ ಎರಡನ್ನೂ ಮಂಗಳೂರಿನಿಂದ ಕಾರವಾರದವರೆಗೆ ಹೋಗಿಬರುವ ಪಯಣಕ್ಕೆ ಹಾಕಲಿ, ವಿದ್ಯಾರ್ಥಿಗಳು ಪಾಳಿಯಲ್ಲಿ ಎರಡನ್ನೂ ನಡೆಸಲಿ. ಎಷ್ಟು ಹೊತ್ತಿಗೆ ತಲುಪಿದರು ಎಂಬುದನ್ನು ಬರೆಯಲಿ. ಅದರ ಜೊತೆಗೆ ರಾತ್ರಿ ಎಷ್ಟು ಸಲ ಮೇಲೆ ಹೋಗಬೇಕಾಯಿತು, ಎಷ್ಟು ಹೊತ್ತು ನಿದ್ದೆ ಸಿಕ್ಕಿತು, ಯಾವ ಹಗ್ಗ ಸವೆಯಿತು, ಯಾವ ಬಟ್ಟೆ ಹರಿಯಿತು, ಅದನ್ನು ಮಲ್ಪೆಯ ದಕ್ಕೆಯಲ್ಲೇ ಸರಿಮಾಡಲು ಆಯಿತೇ, ಎಷ್ಟು ಖರ್ಚಾಯಿತು ಎಂಬುದನ್ನೂ ಬರೆಯಲಿ. ಅದಕ್ಕೆ ಮಂಜೂರಾತಿ ಕೊಡಬೇಕಾದ ಕಚೇರಿ ಬೀದರಿನಲ್ಲೇ ಇದೆ. ಔರಾದಿನಿಂದ ಬೆಳಗಿನ ಬಸ್ಸು ಹತ್ತಿದವರು ಹೊತ್ತು ಏರುವ ಮೊದಲೇ ಅಲ್ಲಿಗೆ ಹೋಗಿ ಅರ್ಜಿ ಕೊಡಬಹುದು.